ಕೊನೆಯ ಎಸೆತದಲ್ಲಿ ಯಾರ ಜಾಗ ತೆರೆಯಿತು: ಅಮೆರಿಕದ ಕಾಲೇಜು ಫುಟ್‌ಬಾಲಿನ ಪಾಸ್ ಕವರೇಜ್ ಓದುವ ಬಗೆ

ಧಾರವಾಡದ ಮೈದಾನವೊಂದರಲ್ಲಿ ಸಂಜೆ ಹೊತ್ತು ಹುಡುಗರಿಗೆ ಕಬಡ್ಡಿ ಹೇಳಿಕೊಡುವ ನನಗೆ ಅಮೆರಿಕನ್ ಫುಟ್‌ಬಾಲಿನ ರುಚಿ ಹತ್ತಿಸಿದವನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗ. ಅವನ ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ಮನಸ್ಸಿಟ್ಟು ನೋಡಿದ್ದು 2018ರ ಜನವರಿಯಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದ ಕೊನೆಯ ಎಸೆತವನ್ನು. ರಿಸೀವರ್ ಒಬ್ಬನೇ ಓಡಿಹೋಗಿ ಚೆಂಡು ಹಿಡಿದ; ಆಟದ ಆರಂಭದಲ್ಲಿ ಅವನೆದುರು ನಿಂತಿದ್ದ ಕಾರ್ನರ್‌ಬ್ಯಾಕ್ ಹಿಂದೆ ಉಳಿದಿದ್ದ. ತಪ್ಪು ಆ ಕಾರ್ನರ್‌ನದೇ ಎಂದು ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. ಆಗ ಹುಡುಗ, "ಮಾಮಾ, ಅಂವನ್ನ ಬಿಡ್ರಿ, ಹಿಂದ ನಿಂತಾಂವ ಯಾವಾಗ ಹೊಳ್ಳತಾನ ನೋಡ್ರಿ" ಎಂದು ದೃಶ್ಯವನ್ನು ಹಿಂದಕ್ಕೆ ಒಯ್ದು ತೋರಿಸಿದ. ಚೆಂಡು ಹಿಡಿದವನ ಹತ್ತಿರ ಯಾರಿದ್ದರು ಎಂಬುದಕ್ಕಿಂತ ಆ ಜಾಗ ಯಾರ ಪಾಲಿಗೆ ಬಂದಿತ್ತು ಎಂಬುದನ್ನು ಮೊದಲು ಹುಡುಕಬೇಕು ಎಂದು ಅಂದು ನಾನು ಕಲಿತೆ. ಮುಂದಿನ ವಿವರಣೆಯೆಲ್ಲ ಆ ಹುಡುಕಾಟದ ಕ್ರಮವೇ ಆಗಿದೆ, ಮತ್ತು ಅದಕ್ಕೆ ಅದೇ ಎಸೆತವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಆಟ ಹೊಸದಾದವರಿಗೆ ಎರಡು ಮಾತು. ಎರಡೂ ಕಡೆ ಹನ್ನೊಂದು ಜನ ಇರುತ್ತಾರೆ. ಚೆಂಡು ಹೊಂದಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಯತ್ನಗಳು ಸಿಗುತ್ತವೆ. ಚೆಂಡನ್ನು ಹಿಂದಕ್ಕೆ ಕೊಡುವ ಕ್ಷಣಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಅದನ್ನು ಪಡೆದು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಆ ಎಸೆತವೇ ಪಾಸ್, ಓಡಿಹೋಗಿ ಹಿಡಿಯುವವನು ರಿಸೀವರ್. ತಡೆಯುವ ತಂಡದಲ್ಲಿ ಎರಡು ಅಂಚುಗಳಲ್ಲಿ ನಿಲ್ಲುವವರು ಕಾರ್ನರ್‌ಬ್ಯಾಕ್‌ಗಳು, ಎಲ್ಲರಿಗಿಂತ ಹಿಂದೆ ನಿಲ್ಲುವವರು ಸೇಫ್ಟಿಗಳು, ನಡುವಿನವರು ಲೈನ್‌ಬ್ಯಾಕರ್‌ಗಳು. ಕಬಡ್ಡಿ ಬಲ್ಲವರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ನಮ್ಮಲ್ಲಿ ಕಾರ್ನರ್, ಕವರ್ ಎರಡೂ ಆಟಗಾರರು ನಿಲ್ಲುವ ಸ್ಥಾನಗಳ ಹೆಸರು, ಆದರೆ ಅಲ್ಲಿ ಕವರ್ ಅಥವಾ ಕವರೇಜ್ ಎಂದರೆ ಪಾಸ್ ತಡೆಯುವ ಇಡೀ ತಂಡದ ವ್ಯವಸ್ಥೆ.

ಮೊದಲು ಸನ್ನಿವೇಶವನ್ನು ಬರೆದುಕೊಳ್ಳಿ

ಆಟಗಾರರನ್ನು ನೋಡುವ ಮುನ್ನ ಅಂಕ, ದೂರ ಮತ್ತು ಉಳಿದ ಯತ್ನಗಳನ್ನು ಕಾಗದದ ಮೇಲೆ ಇಳಿಸಬೇಕು, ಏಕೆಂದರೆ ತಡೆಯುವ ತಂಡ ಆ ಕವರೇಜನ್ನು ಏಕೆ ಆರಿಸಿತು ಎಂಬುದಕ್ಕೆ ಉತ್ತರದ ಅರ್ಧ ಭಾಗ ಅಲ್ಲೇ ಇರುತ್ತದೆ. ಈ ಪಂದ್ಯ ಅಟ್ಲಾಂಟಾದ ಮರ್ಸಿಡಿಸ್-ಬೆಂಝ್ ಕ್ರೀಡಾಂಗಣದಲ್ಲಿ ಜನವರಿ 8ರ ರಾತ್ರಿ, ಅಂದರೆ ನಮ್ಮಲ್ಲಿ 9ರ ಬೆಳಗ್ಗೆ, ಅಲಬಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ನಡುವೆ ನಡೆಯಿತು. ಅರ್ಧ ಆಟದ ಹೊತ್ತಿಗೆ 13–0 ಹಿಂದಿದ್ದ ಅಲಬಾಮಾದ ತರಬೇತುದಾರ ನಿಕ್ ಸೇಬನ್, ಅನುಭವಿ ಜೇಲನ್ ಹರ್ಟ್ಸ್‌ನನ್ನು ಕೂರಿಸಿ ಮೊದಲ ವರ್ಷದ ಟುವಾ ಟಾಗೊವೈಲೋವಾನನ್ನು ಇಳಿಸಿದರು. ಆಟ 20–20ರಲ್ಲಿ ನಿಂತು ಓವರ್‌ಟೈಮಿಗೆ ಹೋಯಿತು. ಕಾಲೇಜು ಫುಟ್‌ಬಾಲಿನ ಓವರ್‌ಟೈಮಿನ ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೂ ಎದುರಾಳಿಯ 25 ಗಜದ ಗೆರೆಯಿಂದ, ಅಂದರೆ ಗೋಲ್ ಗೆರೆಗೆ 25 ಗಜ ಉಳಿದ ಜಾಗದಿಂದ, ಒಂದು ಅವಕಾಶ ಸಿಗುತ್ತದೆ. ಜಾರ್ಜಿಯಾ 51 ಗಜದ ಫೀಲ್ಡ್ ಗೋಲ್ (ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಪಡೆಯುವ ಮೂರು ಅಂಕ) ಒದ್ದು 23–20ಕ್ಕೆ ಏರಿತು. ಅಲಬಾಮಾದ ಮೊದಲ ಯತ್ನದಲ್ಲೇ ಟಾಗೊವೈಲೋವಾ ಹದಿನಾರು ಗಜ ಹಿಂದೆ ನೆಲಕ್ಕೆ ಬಿದ್ದ. ಚೆಂಡು ಈಗ 41 ಗಜದ ಗೆರೆಯಲ್ಲಿ, ಇದು ಎರಡನೆಯ ಯತ್ನ, ಬೇಕಾದದ್ದು 26 ಗಜ.

ಇಲ್ಲಿ ನಿಂತು ಜಾರ್ಜಿಯಾದ ಕಡೆಯಿಂದ ಯೋಚಿಸಿರಿ. ಗೋಲ್ ಕಂಬ ಎಂಡ್ ಝೋನಿನ, ಅಂದರೆ ಗೋಲ್ ಗೆರೆಯಾಚೆಗಿನ ಹತ್ತು ಗಜದ ಪಟ್ಟಿಯ, ಹಿಂದಿನ ಅಂಚಿನಲ್ಲಿದೆ. ಒದೆಯುವವನು ಚೆಂಡಿಟ್ಟ ಗೆರೆಯಿಂದ ಸುಮಾರು ಏಳು ಗಜ ಹಿಂದಿನಿಂದ ಒದೆಯುತ್ತಾನೆ. ಆದ್ದರಿಂದ 41ಕ್ಕೆ 17 ಕೂಡಿಸಿದರೆ ಫೀಲ್ಡ್ ಗೋಲಿನ ದೂರ 58 ಗಜವಾಗುತ್ತದೆ. ಅದೇ ಅಲಬಾಮಾದ ಒದೆಗಾರ ಕೆಲವೇ ನಿಮಿಷಗಳ ಹಿಂದೆ, ನಿಗದಿತ ಆಟದ ಕೊನೆಯಲ್ಲಿ, 36 ಗಜದ ಗೋಲನ್ನು ತಪ್ಪಿಸಿದ್ದ. ಹೀಗಿರುವಾಗ ಹತ್ತು ಹನ್ನೆರಡು ಗಜದ ಪಾಸ್ ಬಿಟ್ಟುಕೊಟ್ಟರೂ ಜಾರ್ಜಿಯಾಕ್ಕೆ ದೊಡ್ಡ ನಷ್ಟವಿರಲಿಲ್ಲ. ತಲೆಯ ಮೇಲಿನಿಂದ ಹೋಗುವ ಚೆಂಡೊಂದನ್ನು ಮಾತ್ರ ಬಿಡಬಾರದಾಗಿತ್ತು. ಹಿಂದೆ ಇಬ್ಬರನ್ನು ನಿಲ್ಲಿಸುವ ಕವರ್ 2 ಅಂಥ ಹೊತ್ತಿಗೆ ವಿವೇಕದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಫಲಿತಾಂಶ ಕೆಟ್ಟದಾಯಿತು ಎಂದ ಮಾತ್ರಕ್ಕೆ ಆಯ್ಕೆಯೇ ಕೆಟ್ಟದ್ದು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಅಗಲದ ಲೆಕ್ಕ

ಪಾಸ್ ತಡೆಯುವುದು ಉದ್ದಕ್ಕಿಂತ ಹೆಚ್ಚಾಗಿ ಅಗಲದ ಸಮಸ್ಯೆ. ಮೈದಾನದ ಅಗಲ 160 ಅಡಿ. ಅದರೊಳಗೆ ಉದ್ದಕ್ಕೂ ಎರಡು ಸಾಲು ಹ್ಯಾಶ್ ಗುರುತುಗಳಿರುತ್ತವೆ, ಮತ್ತು ಪ್ರತಿ ಆಟವೂ ಆ ಸಾಲುಗಳ ಮೇಲೆ ಅಥವಾ ಅವುಗಳ ನಡುವೆ ಶುರುವಾಗುತ್ತದೆ. ವೃತ್ತಿಪರ ತಂಡಗಳ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಈ ಎರಡು ಸಾಲುಗಳ ನಡುವೆ ಹದಿನೆಂಟೂವರೆ ಅಡಿ ಮಾತ್ರ ಇದ್ದರೆ, ಕಾಲೇಜು ಆಟದಲ್ಲಿ 40 ಅಡಿ ಇದೆ. ಪ್ರತಿ ಸಾಲಿನಿಂದ ಹತ್ತಿರದ ಅಂಚಿಗೆ 60 ಅಡಿ. ಆದ್ದರಿಂದ ಚೆಂಡು ಒಂದು ಹ್ಯಾಶ್ ಮೇಲಿದ್ದಾಗ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಜಾಗ ಉಳಿಯುತ್ತದೆ. ಕಾಲೇಜು ಆಟವನ್ನು ವಿಶ್ಲೇಷಿಸುವವರು ಚೆಂಡು ಯಾವ ಹ್ಯಾಶ್ ಮೇಲಿದೆ ಎಂಬುದನ್ನು ಗುರುತಿಸದೆ ಮುಂದಕ್ಕೆ ಹೋಗಬಾರದು. ಅಗಲವಾದ ಬದಿಗೂ ಇಕ್ಕಟ್ಟಾದ ಬದಿಗೂ ಒಂದೇ ಕೆಲಸ ಒಂದೇ ಕಷ್ಟದ್ದಾಗಿರುವುದಿಲ್ಲ.

ಹಿಂದೆ ಎಷ್ಟು ಜನ, ಅವರ ಕಣ್ಣು ಎಲ್ಲಿ

ದೃಶ್ಯವನ್ನು ಸ್ನ್ಯಾಪಿಗೆ ತುಸು ಮೊದಲು ನಿಲ್ಲಿಸಿ ಸೇಫ್ಟಿಗಳನ್ನು ಎಣಿಸಿರಿ. ಇಬ್ಬರು ಹೆಚ್ಚುಕಡಿಮೆ ಹ್ಯಾಶ್‌ಗಳ ಮೇಲೆ, ಹನ್ನೆರಡು ಹದಿಮೂರು ಗಜ ಹಿಂದೆ ಸಮನಾಗಿ ನಿಂತಿದ್ದರೆ ನಡುಮೈದಾನ ತೆರೆದಿದೆ. ಒಬ್ಬನೇ ನಟ್ಟನಡುವೆ ನಿಂತಿದ್ದರೆ ಮುಚ್ಚಿದೆ. ಆದರೆ ಸ್ನ್ಯಾಪಿಗೆ ಮೊದಲು ಕಾಣುವುದು ಎದುರಾಳಿಗೆ ತೋರಿಸಲು ಹಾಕಿದ ವೇಷವೂ ಆಗಿರಬಹುದು. ಇಬ್ಬರನ್ನು ತೋರಿಸಿ, ಚೆಂಡು ಅಲುಗಿದ ಕೂಡಲೇ ಒಬ್ಬನನ್ನು ಕೆಳಕ್ಕೆ ಇಳಿಸಿ ಇನ್ನೊಬ್ಬನನ್ನು ನಡುವಿಗೆ ಸರಿಸುವುದು ಎಲ್ಲ ತಂಡಗಳ ಅಭ್ಯಾಸ. ಆದ್ದರಿಂದ ಮೊದಲ ಎಣಿಕೆಯನ್ನು ಪೆನ್ಸಿಲ್ಲಿನಲ್ಲಿ ಬರೆದು, ಸ್ನ್ಯಾಪ್ ಆದ ಒಂದು ಸೆಕೆಂಡಿನ ನಂತರ ಮತ್ತೊಮ್ಮೆ ಎಣಿಸಿದ ಮೇಲಷ್ಟೇ ಗಟ್ಟಿ ಮಾಡಿಕೊಳ್ಳಬೇಕು.

ಅದೇ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದವರನ್ನೂ ಎಣಿಸಿ ಹನ್ನೊಂದರಲ್ಲಿ ಕಳೆಯಿರಿ. ನಾಲ್ವರು ನುಗ್ಗಿದ್ದರೆ ಏಳು ಜನ ಕವರೇಜಿನಲ್ಲಿದ್ದಾರೆ. ಕವರ್ 2 ಎಂದರೆ ಆ ಏಳರಲ್ಲಿ ಇಬ್ಬರು ಹಿಂದೆ, ಐವರು ಮುಂದೆ. ಹಿಂದಿನ ಇಬ್ಬರೂ ಮೈದಾನದ ಅರ್ಧರ್ಧ, ಅಂದರೆ ತಲಾ 80 ಅಡಿ ಅಗಲವನ್ನು ಕಾಯಬೇಕು. ಕವರ್ 3ರಲ್ಲಿ ಮೂವರು ಹಿಂದೆ ನಿಂತು ತಲಾ ಐವತ್ಮೂರು ಅಡಿ ಕಾಯುತ್ತಾರೆ. ಕವರ್ 4ರಲ್ಲಿ ನಾಲ್ವರಿಗೆ ತಲಾ ನಲವತ್ತು. ಕವರ್ 1ರಲ್ಲಿ ಒಬ್ಬ ಸೇಫ್ಟಿಯನ್ನು ಬಿಟ್ಟು ಉಳಿದವರು ಒಬ್ಬೊಬ್ಬ ರಿಸೀವರ್‌ನನ್ನು ಹಿಡಿದುಕೊಳ್ಳುತ್ತಾರೆ; ಕವರ್ 0ರಲ್ಲಿ ಹಿಂದೆ ಯಾರೂ ಇಲ್ಲ.

ಜಾಗ ಕಾಯುವುದು ಝೋನ್, ಆಳನ್ನು ಕಾಯುವುದು ಮ್ಯಾನ್. ಇವೆರಡನ್ನು ಬೇರ್ಪಡಿಸುವ ಅತ್ಯಂತ ನಂಬಿಕೆಯ ಗುರುತು ಕಾರ್ನರ್‌ನ ಮುಖ. ಅವನು ಅಂಚಿಗೆ ಬೆನ್ನು ಹಾಕಿ, ಕಣ್ಣನ್ನು ಕ್ವಾರ್ಟರ್‌ಬ್ಯಾಕ್ ಮೇಲಿಟ್ಟು ಹಿಂದೆ ಸರಿಯುತ್ತಿದ್ದರೆ ಬಹುಮಟ್ಟಿಗೆ ಝೋನ್. ಕ್ವಾರ್ಟರ್‌ಬ್ಯಾಕಿಗೆ ಬೆನ್ನು ತಿರುಗಿಸಿ ರಿಸೀವರ್‌ನ ಸೊಂಟವನ್ನೇ ನೋಡುತ್ತ ಓಡುತ್ತಿದ್ದರೆ ಮ್ಯಾನ್. ನಮ್ಮ ಭಾಗದ ಗರಡಿ ಮನೆಗಳಲ್ಲಿ ಉಸ್ತಾದರು ಎದುರಾಳಿಯ ಕಣ್ಣನ್ನಲ್ಲ, ನಡುವನ್ನು ನೋಡು ಎನ್ನುವುದು ಇದೇ ಕಾರಣಕ್ಕೆ. ಮುಖ ಮೋಸ ಮಾಡಬಲ್ಲದು, ನಡು ಹೋದ ಕಡೆಗೆ ಮಾತ್ರ ಮೈ ಹೋಗುತ್ತದೆ. ಇನ್ನೊಂದು ಗುರುತು ಸ್ನ್ಯಾಪಿಗೆ ಮೊದಲೇ ಸಿಗುತ್ತದೆ: ರಿಸೀವರ್ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದುಹೋದಾಗ ಅವನ ಬೆನ್ನಿಗೇ ಒಬ್ಬ ರಕ್ಷಕ ಹೋದರೆ ಮ್ಯಾನ್, ಎಲ್ಲರೂ ಒಂದೊಂದು ಹೆಜ್ಜೆ ಸರಿದುಕೊಂಡರೆ ಝೋನ್.

ಇವೆರಡರ ನಡುವೆ ಮೂರನೆಯದೊಂದಿದೆ. ಝೋನ್ ಎಂದು ಶುರುವಾಗಿ, ರಿಸೀವರ್ ನೇರ ಓಡತೊಡಗಿದರೆ ಅಲ್ಲಿಂದ ಮ್ಯಾನ್ ಆಗುವ ವ್ಯವಸ್ಥೆ ಅದು. 1991ರಿಂದ 1994ರವರೆಗೆ ಬಿಲ್ ಬೆಲಿಚಿಕ್ ತರಬೇತುದಾರರಾಗಿದ್ದ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ರಕ್ಷಣೆಯ ಹೊಣೆ ಹೊತ್ತಿದ್ದ ಸೇಬನ್ ಬೆಳೆಸಿದ್ದು ಈ ಪದ್ಧತಿಯನ್ನೇ. ನಾಲ್ವರು ರಿಸೀವರ್‌ಗಳು ಒಟ್ಟಿಗೆ ನೇರವಾಗಿ ಓಡಿದಾಗ ಬರಿಯ ಝೋನ್ ಸಾಲದಾಗುತ್ತದೆ ಎಂಬುದು ಅದರ ಹಿಂದಿನ ಕಾರಣವಾಗಿತ್ತು. ಜಾರ್ಜಿಯಾದ ತರಬೇತುದಾರ ಕರ್ಬಿ ಸ್ಮಾರ್ಟ್ ಅದೇ ಸೇಬನ್ ಅವರ ಕೈಕೆಳಗೆ ಅಲಬಾಮಾದಲ್ಲಿ ವರ್ಷಗಟ್ಟಲೆ ರಕ್ಷಣೆಯನ್ನು ನಡೆಸಿದವರು. ಎದುರುಬದುರು ನಿಂತ ಇಬ್ಬರಿಗೂ ಈ ಸಮಸ್ಯೆಯ ಒಳಹೊರಗು ಗೊತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ದೃಶ್ಯವನ್ನು ನೋಡಬೇಕು.

ಎಸೆತವನ್ನು ಚೌಕಟ್ಟು ಚೌಕಟ್ಟಾಗಿ ನೋಡುವುದು

ಕಂಪ್ಯೂಟರಿನಲ್ಲಿ ಯೂಟ್ಯೂಬ್ ದೃಶ್ಯವನ್ನು ನಿಲ್ಲಿಸಿದ ಮೇಲೆ ಕೀಬೋರ್ಡಿನ ಅಲ್ಪವಿರಾಮದ ಕೀಲಿ ಒಂದು ಚೌಕಟ್ಟು (ಫ್ರೇಮ್) ಹಿಂದಕ್ಕೂ ಪೂರ್ಣವಿರಾಮದ ಕೀಲಿ ಒಂದು ಚೌಕಟ್ಟು ಮುಂದಕ್ಕೂ ಒಯ್ಯುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 30 ಅಥವಾ 60 ಚೌಕಟ್ಟುಗಳಿರುತ್ತವೆ; ಯಾವುದೆಂದು ತಿಳಿದುಕೊಂಡರೆ ಪ್ರತಿ ಹೆಜ್ಜೆಗೂ ಸಮಯ ಹಾಕಬಹುದು. ಸಮಯವನ್ನು ನೇರ ಪ್ರಸಾರದ ತುಣುಕಿನಿಂದ ಮಾತ್ರ ಎಣಿಸಿರಿ. ನಂತರ ತೋರಿಸುವ ನಿಧಾನಗತಿಯ ಮರುಪ್ರಸಾರ ಜಾಗವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಸಮಯದ ವಿಷಯದಲ್ಲಿ ದಾರಿ ತಪ್ಪಿಸುತ್ತದೆ.

ಟಿವಿಯ ಮುಖ್ಯ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುವುದರಿಂದ ಸ್ನ್ಯಾಪ್ ಆದೊಡನೆ ಸೇಫ್ಟಿಗಳು ಪರದೆಯಿಂದ ಹೊರಗೆ ಹೋಗುತ್ತಾರೆ. ನಮಗೆ ಬೇಕಾದವರು ಅವರೇ. ಅದಕ್ಕಾಗಿ ಎಂಡ್ ಝೋನಿನ ಹಿಂದಿನಿಂದಲೋ ಕ್ವಾರ್ಟರ್‌ಬ್ಯಾಕಿನ ಬೆನ್ನ ಹಿಂದಿನಿಂದಲೋ ತೆಗೆದ ಮರುಪ್ರಸಾರವನ್ನು ಹುಡುಕಬೇಕು. ನಾನು ಕಾರ್ನರ್‌ನನ್ನು ದೂರಿದ್ದು ಮುಖ್ಯ ಕ್ಯಾಮೆರಾದ ಚಿತ್ರವನ್ನಷ್ಟೇ ನಂಬಿದ್ದರಿಂದ.

ಈಗ ಎಸೆತ. ಅಲಬಾಮಾದ ರಿಸೀವರ್‌ಗಳು ನೇರವಾಗಿ ಆಳಕ್ಕೆ ಓಡಿದರು; ಕ್ವಾರ್ಟರ್‌ಬ್ಯಾಕಿನ ಎಡಕ್ಕೆ ಅಂಚಿನಲ್ಲಿ ಇದ್ದವನು 6ನೆಯ ಅಂಗಿಯ ಡಿವೊಂಟಾ ಸ್ಮಿತ್, ಅವನೂ ಮೊದಲ ವರ್ಷದ ವಿದ್ಯಾರ್ಥಿ. ಜಾರ್ಜಿಯಾ ಕವರ್ 2ರಲ್ಲಿತ್ತು. ಹಿಂದಿನ ಇಬ್ಬರಿಗೆ ನಾಲ್ವರು ನೇರ ಓಟಗಾರರು ಎದುರಾದಾಗ ಪ್ರತಿ ಸೇಫ್ಟಿಯ ಅರ್ಧದಲ್ಲೂ ಇಬ್ಬರಿರುತ್ತಾರೆ, ಒಬ್ಬ ಅಂಚಿನಲ್ಲಿ, ಇನ್ನೊಬ್ಬ ಒಳಗೆ. ಸೇಫ್ಟಿ ಅವರಿಬ್ಬರ ನಡುವೆ ನಿಂತು, ಚೆಂಡು ಕೈಬಿಟ್ಟ ಕೂಡಲೇ ಸರಿಯಾದ ಕಡೆಗೆ ಮುರಿದು ಓಡಬೇಕು. ಆದ್ದರಿಂದ ಕವರ್ 2ರ ಸೇಫ್ಟಿಗೆ ಕ್ವಾರ್ಟರ್‌ಬ್ಯಾಕಿನ ತಲೆಯೇ ದಿಕ್ಸೂಚಿ. ಟಾಗೊವೈಲೋವಾ ಹಿಂದೆ ಸರಿದು ತಲೆಯನ್ನು ಮೊದಲು ಬಲಕ್ಕೆ ಇಟ್ಟ. ಎಡ ಅರ್ಧದ ಸೇಫ್ಟಿ ಅಂಚಿನ ಕಡೆಗೆ ಅಗಲವಾಗದೆ ಒಳಗೇ ಉಳಿದ. ಕ್ವಾರ್ಟರ್‌ಬ್ಯಾಕ್ ಆಮೇಲೆ ಎಡಕ್ಕೆ ತಿರುಗಿ ಎಸೆದ. ಚೆಂಡು ಸ್ಮಿತ್‌ನ ಕೈಗೆ ಬಂದಾಗ ಸೇಫ್ಟಿ ಇನ್ನೂ ದಾರಿಯಲ್ಲಿದ್ದ. 41 ಗಜದ ಟಚ್‌ಡೌನ್ (ಚೆಂಡನ್ನು ಎಂಡ್ ಝೋನಿಗೆ ಮುಟ್ಟಿಸಿದಾಗ ಸಿಗುವ ಆರು ಅಂಕ), 26–23, ಪಂದ್ಯ ಮುಗಿಯಿತು.

ಇದನ್ನು ನಾನು ಕಬಡ್ಡಿ ಹುಡುಗರಿಗೆ ವಿವರಿಸಬೇಕಾಗಲೇ ಇಲ್ಲ. ಒಳ್ಳೆಯ ರೈಡರ್ ಬಲಗಡೆಯ ಕಾರ್ನರ್ ಕಡೆಗೆ ಎರಡು ಹೆಜ್ಜೆ ಇಟ್ಟು, ಇಡೀ ಸರಪಳಿಯನ್ನು ಅತ್ತ ಎಳೆದುಕೊಂಡು, ನಂತರ ಎಡಗಡೆಯವನನ್ನು ಮುಟ್ಟಿ ಬರುತ್ತಾನಲ್ಲ, ಇದೂ ಅದೇ. ಇಲ್ಲಿ ಹೆಜ್ಜೆಯ ಬದಲು ತಲೆಯನ್ನು ಬಳಸಲಾಗಿದೆ.

ಆದ್ದರಿಂದ ಚೌಕಟ್ಟುಗಳನ್ನು ಸರಿಸುವಾಗ ಮೂರು ಕ್ಷಣಗಳಲ್ಲಿ ಸಂಖ್ಯೆ ಬರೆದುಕೊಳ್ಳಿ: ಸ್ನ್ಯಾಪ್ ಆದ ಚೌಕಟ್ಟು, ಕ್ವಾರ್ಟರ್‌ಬ್ಯಾಕಿನ ತಲೆ ಬಲದಿಂದ ಎಡಕ್ಕೆ ಹೊರಳಿದ ಚೌಕಟ್ಟು, ಮತ್ತು ಎಡ ಸೇಫ್ಟಿಯ ನಡು ಅಂಚಿನ ಕಡೆಗೆ ತಿರುಗಿದ ಚೌಕಟ್ಟು. ಇವುಗಳಲ್ಲಿ ಕೊನೆಯದೇ ಮುಖ್ಯ. ಪಾದ ಅಲುಗುವುದಕ್ಕೂ ನಡು ತಿರುಗುವುದಕ್ಕೂ ವ್ಯತ್ಯಾಸವಿದೆ. ಹಿಮ್ಮೆಟ್ಟುತ್ತಿರುವವನ ಪಾದ ಯಾವಾಗಲೂ ಅಲುಗುತ್ತಿರುತ್ತದೆ.

ಒಂದು ಸೆಕೆಂಡಿನ ಬೆಲೆ

ಸೇಫ್ಟಿ ಎಷ್ಟು ತಡ ಮಾಡಿದರೆ ಕೈಮೀರುತ್ತದೆ ಎಂಬುದನ್ನು ಶಾಲೆಯ ರೇಖಾಗಣಿತದಿಂದಲೇ ತಿಳಿಯಬಹುದು. ಲೆಕ್ಕಕ್ಕೆಂದು ಸರಳ ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಆ ರಾತ್ರಿಯ ಅಳತೆಗಳಲ್ಲ. ಸೇಫ್ಟಿ ಹ್ಯಾಶ್ ಮೇಲೆ, ಚೆಂಡಿಟ್ಟ ಗೆರೆಯಿಂದ 12 ಗಜ ಹಿಂದೆ ನಿಂತಿದ್ದಾನೆ. ಚೆಂಡು ಬೀಳುವ ಜಾಗ ಆ ಗೆರೆಯಿಂದ 38 ಗಜ ಆಳದಲ್ಲಿ, ಅಂಚಿನಿಂದ 5 ಗಜ ಒಳಗಿದೆ. ಹ್ಯಾಶ್‌ನಿಂದ ಅಂಚಿಗೆ 60 ಅಡಿ, ಅಂದರೆ 20 ಗಜ. ಹಾಗಾಗಿ ಸೇಫ್ಟಿ 15 ಗಜ ಅಡ್ಡಕ್ಕೂ 26 ಗಜ ಹಿಂದಕ್ಕೂ ಹೋಗಬೇಕು. ಕರ್ಣದ ಉದ್ದ ಸುಮಾರು 30 ಗಜವಾಗುತ್ತದೆ. ರಿಸೀವರ್ 38 ಗಜ ಓಡಬೇಕು. ಮೇಲುನೋಟಕ್ಕೆ ಸೇಫ್ಟಿಗೆ 8 ಗಜದ ಲಾಭವಿದೆ.

ಆದರೆ 40 ಗಜವನ್ನು ನಾಲ್ಕೂವರೆ ಸೆಕೆಂಡಿನಲ್ಲಿ ಓಡುವ ಆಟಗಾರ ಒಂದು ಸೆಕೆಂಡಿಗೆ ಸರಾಸರಿ ಒಂಬತ್ತು ಗಜದಷ್ಟು ಕ್ರಮಿಸುತ್ತಾನೆ. ಸೇಫ್ಟಿ ಒಂದು ಸೆಕೆಂಡು ಹ್ಯಾಶ್ ಮೇಲೆ ನಿಂತರೆ ಅವನ ಲಾಭವೆಲ್ಲ ಕರಗಿ ಇಬ್ಬರೂ ಹೆಚ್ಚುಕಡಿಮೆ ಸಮನಾಗುತ್ತಾರೆ. ಅದಕ್ಕೂ ಮೇಲೆ ಕಾಲು ಸೆಕೆಂಡು ಹೋದರೆ ರಿಸೀವರ್ ಸುಮಾರು ಮೂರು ಗಜ ಮುಂದಿರುತ್ತಾನೆ. ಮೂವತ್ತು ಚೌಕಟ್ಟುಗಳ ಎಣಿಕೆ ಇಷ್ಟು ಬೆಲೆಬಾಳುತ್ತದೆ.

ಕಾಗದದ ಮೇಲೆ ಇದು ಒಪ್ಪಿತವಾಗದಿದ್ದರೆ ಮೈದಾನಕ್ಕೆ ಇಳಿಯಿರಿ. ಹುಬ್ಬಳ್ಳಿಯ ನೆಹರೂ ಮೈದಾನವಾಗಲಿ, ಧಾರವಾಡದ ಕೆಸಿಡಿ ಮೈದಾನವಾಗಲಿ, ಗದಗ ಹಾವೇರಿಗಳ ಯಾವುದೇ ಶಾಲೆಯ ಬಯಲಾಗಲಿ ಸಾಕು. ಸುಣ್ಣದ ಪುಡಿಯಿಂದ ಒಂದು ಅಂಚುಗೆರೆ ಎಳೆದು, ಅದರಿಂದ 60 ಅಡಿಗೆ ಹ್ಯಾಶ್ ಗುರುತು ಹಾಕಿ, ಮೇಲಿನ ಅಳತೆಯಂತೆ ಇಬ್ಬರನ್ನು ನಿಲ್ಲಿಸಿರಿ. ಒಬ್ಬರು ಚಪ್ಪಾಳೆ ತಟ್ಟಿದಾಗ ರಿಸೀವರ್ ಓಡಲಿ. ಎರಡನೆಯ ಚಪ್ಪಾಳೆಗೆ ಸೇಫ್ಟಿ ಓಡಲಿ. ಎರಡು ಚಪ್ಪಾಳೆಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡುತ್ತ ಹೋದರೆ, ಪರದೆಯ ಮೇಲೆ ಸೋಮಾರಿತನದಂತೆ ಕಂಡದ್ದು ಎಷ್ಟು ಸಣ್ಣ ಹಿಂಜರಿಕೆ ಎಂಬುದು ಕಾಲಿಗೇ ತಿಳಿಯುತ್ತದೆ. ನಮ್ಮ ಹುಡುಗರಲ್ಲಿ ಅತ್ಯಂತ ಚುರುಕಾದವನೂ ತಡವಾದ ಚಪ್ಪಾಳೆಗೆ ಗೆಳೆಯನನ್ನು ಮುಟ್ಟಲಾರದೆ ಹೋದ. ಆ ಸೇಫ್ಟಿಯ ಹೆಸರನ್ನು ನಾನು ಇಲ್ಲಿ ಬರೆಯದಿರುವುದಕ್ಕೆ ಅದೂ ಒಂದು ಕಾರಣ. ಅವನೂ ಒಬ್ಬ ಕಾಲೇಜು ವಿದ್ಯಾರ್ಥಿಯೇ ಆಗಿದ್ದ.

ಕಾರ್ನರ್‌ನ ಪಾಲು, ಮತ್ತು ಬೇರೊಂದು ಬಗೆಯ ಸೋಲು

ಹಾಗಾದರೆ ಕಾರ್ನರ್ ಪೂರ್ತಿ ನಿರ್ದೋಷಿಯೇ? ಕವರ್ 2ರಲ್ಲಿ ಅವನ ಪಾಲಿಗೆ ಬರುವುದು ಅಂಚಿನ ಹತ್ತಿರದ, ಕಡಿಮೆ ಆಳದ ಜಾಗ. ಆದರೆ ಅದಕ್ಕೆ ಮುನ್ನ ಇನ್ನೊಂದು ಕೆಲಸವಿದೆ: ಎದುರಿನ ರಿಸೀವರ್‌ಗೆ ಕೈ ತಾಗಿಸಿ ಅವನ ವೇಗ ಮುರಿಯುವುದು, ಹೊರಗಿನ ದಾರಿ ಕಟ್ಟಿ ಅವನನ್ನು ಒಳಕ್ಕೆ, ಸೇಫ್ಟಿಯ ಕಡೆಗೆ, ದೂಡುವುದು. ಹೊರಗಿನ ದಾರಿ ಸಲೀಸಾಗಿ ಸಿಕ್ಕರೆ ಸೇಫ್ಟಿ ಓಡಬೇಕಾದ ಕರ್ಣ ಉದ್ದವಾಗುತ್ತದೆ. ಆದ್ದರಿಂದ ಸ್ಮಿತ್‌ನ ಮೊದಲ ಐದು ಗಜಗಳನ್ನು ಪ್ರತ್ಯೇಕವಾಗಿ ನೋಡಿ, ಕೈ ತಾಗಿತೇ, ಓಟದ ಗೆರೆ ಬಾಗಿತೇ ಎಂದು ಬರೆದುಕೊಳ್ಳಿ. ಅಲ್ಲಿಂದ ಮುಂದೆ ಕಾರ್ನರ್ ಹಿಂದೆ ಉಳಿದದ್ದನ್ನು ಮಾತ್ರ ಅವನ ತಪ್ಪೆಂದು ಎಣಿಸಬೇಡಿ; ಅವನ ಜಾಗ ಅಲ್ಲಿಗೆ ಮುಗಿಯುತ್ತದೆ.

ಮ್ಯಾನ್ ಕವರೇಜ್ ಒಡೆಯುವ ರೀತಿ ಪೂರ್ತಿ ಬೇರೆ. ಅದಕ್ಕೆ ಒಂದು ವರ್ಷ ಹಿಂದಿನ, 2017ರ ಜನವರಿ 9ರಂದು ಟ್ಯಾಂಪಾದಲ್ಲಿ ನಡೆದ ಚಾಂಪಿಯನ್‌ಷಿಪ್ ಪಂದ್ಯವನ್ನು ನೋಡಬಹುದು. ಒಂದೇ ಸೆಕೆಂಡು ಉಳಿದಿರುವಂತೆ ಕ್ಲೆಮ್ಸನ್‌ನ ಡಿಶಾನ್ ವಾಟ್ಸನ್ ಎರಡು ಗಜದ ಪಾಸನ್ನು ಹಂಟರ್ ರೆನ್‌ಫ್ರೋಗೆ ಕೊಟ್ಟು ಅಲಬಾಮಾವನ್ನು 35–31ರಿಂದ ಸೋಲಿಸಿದ. ಗೋಲ್ ಗೆರೆಯ ಹತ್ತಿರ ಕಾಯಬೇಕಾದ ಆಳ ಎಂಡ್ ಝೋನಿನ ಹತ್ತು ಗಜವೂ ಸೇರಿ ಹನ್ನೆರಡೇ ಗಜ. ಅಲ್ಲಿ ಜಾಗದ ಬದಲು ಒಬ್ಬೊಬ್ಬ ಆಟಗಾರನನ್ನು ಹಿಡಿಯುವುದೇ, ಅಂದರೆ ಮ್ಯಾನ್, ವಾಡಿಕೆ. ಇಬ್ಬರು ರಿಸೀವರ್‌ಗಳ ದಾರಿ ಅಡ್ಡಹಾಯ್ದು ರಕ್ಷಕರು ಒಬ್ಬರಿಗೊಬ್ಬರು ತೊಡಕಾದರು, ರೆನ್‌ಫ್ರೋ ಹೊರಗೆ ಬಿಡುವಾಗಿ ನಿಂತ. ಇಂಥ ಆಟದಲ್ಲಿ ಸೇಫ್ಟಿಯ ನಡು ಹುಡುಕುತ್ತ ಕೂರುವುದರಿಂದ ಪ್ರಯೋಜನವಿಲ್ಲ. ರಕ್ಷಕರ ದಾರಿಗಳು ಎಲ್ಲಿ ಕತ್ತರಿಸಿದವು, ಆಳುಗಳನ್ನು ಅದಲುಬದಲು ಮಾಡಿಕೊಳ್ಳಲು ಅವರಿಗೆ ಸಮಯವಿತ್ತೇ ಎಂಬುದನ್ನು ನೋಡಬೇಕು. ಝೋನ್ ಅಥವಾ ಮ್ಯಾನ್ ಎಂಬುದನ್ನು ಮೊದಲೇ ತೀರ್ಮಾನಿಸಲು ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಕೊನೆಗೆ ಕಂಡದ್ದನ್ನು ಐದಾರು ಸಾಲುಗಳಲ್ಲಿ ಬರೆದಿಡಿ. ಅಟ್ಲಾಂಟಾದ ಎಸೆತಕ್ಕೆ ನನ್ನ ನೋಟುಬುಕ್ಕಿನಲ್ಲಿ ಈಗ ಇರುವುದು ಹೀಗೆ: "ಎರಡನೆಯ ಯತ್ನ, 26 ಗಜ, ಮೂರು ಅಂಕ ಹಿಂದೆ. ಕವರ್ 2, ಝೋನ್. ಎದುರಿಗೆ ನೇರ ಓಟಗಳು. ಕ್ವಾರ್ಟರ್‌ಬ್ಯಾಕ್ ಬಲಕ್ಕೆ ನೋಡಿ ಎಡ ಸೇಫ್ಟಿಯನ್ನು ಒಳಗೆ ಹಿಡಿದ. ತೆರೆದ ಜಾಗ ಎಡ ಅಂಚಿನ ಆಳ, ಅದು ಸೇಫ್ಟಿಯ ಅರ್ಧ. ಆಯ್ಕೆ ಸರಿ, ಹೊರಳಿದ್ದು ತಡ." ಇದರ ಮೇಲೆ ಮೊದಲು ಬರೆದಿದ್ದ "ಕಾರ್ನರ್ ಸೋತ" ಎಂಬ ಸಾಲಿಗೆ ಅಡ್ಡಗೆರೆ ಎಳೆದಿದ್ದೇನೆ, ಆದರೆ ಅಳಿಸಿಲ್ಲ. ಹೊಸ ಹುಡುಗರು ಬಂದಾಗ ಆ ಪುಟವನ್ನು ತೋರಿಸಿ, ಮುಖ್ಯ ಕ್ಯಾಮೆರಾದ ತುಣುಕನ್ನೇ ಮೊದಲು ಹಾಕುತ್ತೇನೆ.